ಬಿದ್ದ ಶೇಂಗಾ

ಹಳ್ಳಿಯ ಬಡತನ, ಪೇಟೆಯ ಬಡತನ ಎರಡನ್ನೂ ತೂಗಿ ನೋಡಲು ಕುಳಿತಾಗಲೆಲ್ಲ ನನ್ನ ನೆನಪು ಹಳ್ಳಿಯ ಕಡೆಗೇ ವಾಲುತ್ತದೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಉಗರಗೋಳದಲ್ಲಿ ನಾವು ಬರೀ ಖಾರಪುಡಿ ಹಚ್ಚಿಕೊಂಡು ರೊಟ್ಟಿ ತಿಂದ ದಿನಗಳೇ ಹೆಚ್ಚು. ಆದರೆ ಶೇಂಗಾ ಕಿತ್ತ ಮೇಲೆ ಯಾರ ಹೊಲಕ್ಕಾದರೂ ಹೋಗಿ, ಮಣ್ಣು ಕೆದರಿ, ಉಳಿದ ಕಾಯಿ ಆಯ್ದು ತರಬಹುದಿತ್ತು. ಅದಕ್ಕೆ ಹಕ್ಕಲು ಎನ್ನುತ್ತಿದ್ದರು. ಅವ್ವ ಯಾರನ್ನೂ ಕೇಳುತ್ತಿರಲಿಲ್ಲ. ಹೊಲದ ಒಡತಿ ಬದುವಿನ ಮೇಲೆ ನಿಂತು, "ಏ, ಬಳ್ಳಿ ಮುಟ್ಟಬ್ಯಾಡ, ದನಕ್ಕ ಬೇಕು" ಎಂದು ಗದರುತ್ತಿದ್ದಳು, ಅಷ್ಟೆ.

ತೊಂಬತ್ತರ ದಶಕದಲ್ಲಿ ಅಪ್ಪನಿಗೆ ಬೈಲಹೊಂಗಲದ ರೈತರ ಶೇಂಗಾ ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಚೀಲ ಹೊರುವ ಕೆಲಸ ಸಿಕ್ಕಿತು. ನಾವೆಲ್ಲ ಅಲ್ಲಿಗೇ ಹೋದೆವು. ಅವನ ಕೂಲಿ ಮನೆ ಬಾಡಿಗೆಗೆ, ಸೀಮೆಎಣ್ಣೆಗೆ ಮುಗಿಯುತ್ತಿತ್ತು. ತನ್ನ ಕೈಯಿಂದಲೂ ಮನೆಗೆ ಏನಾದರೂ ಬರಬೇಕೆಂಬುದು ಅವ್ವನ ಹಟ. ಅಪ್ಪನಿಗೆ ಬುತ್ತಿ ಕೊಡಲು ಹೋದಾಗ, ಅಂಗಡಿಯ ಮುಂದೆ ಚೆಲ್ಲಿದ ಶೇಂಗಾ ಕಂಡು ಕುಳಿತು ಆಯತೊಡಗಿದಳು. ನಾನೂ ಕುಳಿತೆ. ಕಸಬರಿಗೆ ಹಿಡಿದ ಹೆಂಗಸೊಬ್ಬಳು ಬಂದು ನಿಂತಳು.

"ಯಾರನ್ನ ಕೇಳಿ ಕುಂತಿ ಬೇ?"

"ಬಿದ್ದದ್ದಕ್ಕ ಯಾರನ್ನ ಕೇಳೂದು?" ಎಂದಳು ಅವ್ವ.

"ಬಿದ್ದದ್ದು ನಂದು. ದಿನಾ ಈ ಅಂಗಳಾ ಹೊಡಿತೇನಿ. ಸಾವಕಾರ ಪಗಾರ ಕೊಡೂದಿಲ್ಲ, ಇದ ನನ್ನ ಪಗಾರ. ಹೊಡಿಯಾಕ ನಾನು, ಒಯ್ಯಾಕ ನೀನು? ಭಾರಿ ಅದಿ ಬಿಡು!"

ಹಮಾಲರು ನಕ್ಕರು. ಅಪ್ಪನೂ ನಕ್ಕನೇ? ನೆನಪಿನಲ್ಲಿ ಒಮ್ಮೆ ನಕ್ಕಂತೆ, ಒಮ್ಮೆ ಬೆನ್ನು ತಿರುಗಿಸಿದಂತೆ ಕಾಣುತ್ತದೆ. ಅವ್ವ ಕೈಚೀಲ ಬೋರಲು ಮಾಡಲು ಹೋದಳು.

"ಮಣ್ಣಾಗ ಸುರವಬ್ಯಾಡ ಯವ್ವಾ, ಮತ್ತ ನಾನ ಆರಿಸಬೇಕು. ಮರದಾಗ ಹಾಕು," ಎಂದು ಆ ಹೆಂಗಸು ತನ್ನ ಮೊರ ಮುಂದೆ ಚಾಚಿದಳು.

ಸುಗ್ಗಿ ಬಂದಾಗ ಅವ್ವ ನನ್ನನ್ನು ಕರೆದುಕೊಂಡು ಸವದತ್ತಿ ಬಸ್ಸು ಹತ್ತಿದಳು. ಉಗರಗೋಳದ ಹೊಲಗಳು ಎಲ್ಲಿಗೂ ಹೋಗಿರಲಿಲ್ಲ. ಹಿಂದೆ ಬದುವಿನ ಮೇಲೆ ನಿಂತು ಗದರುತ್ತಿದ್ದ ಒಡತಿ ದಾರಿಯಲ್ಲೇ ತಡೆದಳು.

"ಪ್ಯಾಟ್ಯಾವ್ರು ಬಂದ್ರಲ್ಲ! ಬರ್ರಿ, ಕುಂಡ್ರಿ."

ಅವಳು ಅವ್ವನನ್ನು ಬಹುವಚನದಲ್ಲಿ ಮಾತಾಡಿಸಿದ್ದು, ಪಡಸಾಲೆಯಲ್ಲಿ ಕೂರಿಸಿದ್ದು ಅದೇ ಮೊದಲು.

"ಹಕ್ಕಲಕ್ಕ ಬಂದೇನ್ರಿ ಅಕ್ಕಾರ."

"ನಿಮಗ್ಯಾಕ್ರಿ ಹಕ್ಕಲು? ಊರಾಗಿನವ್ರಿಗೆ ಸಾಲವಲ್ದು. ಚಾ ಕುಡೀರಿ ಮೊದಲ."

ಚಹಾ ಆದ ಮೇಲೆ ರಾಶಿಯಿಂದ ಎರಡು ಬೊಗಸೆ ಶೇಂಗಾ ತೆಗೆದು ಅವ್ವನ ಚೀಲಕ್ಕೆ ಹಾಕಿದಳು. ಆಚೆ ಹೊಲದಲ್ಲಿ ನಮ್ಮ ಓಣಿಯ ಹೆಂಗಸರು ಬಗ್ಗಿ ಮಣ್ಣು ಕೆದರುತ್ತಿದ್ದರು. ಅವ್ವ ಅವರನ್ನು ಮಾತಾಡಿಸದೆ ಬಸ್ ನಿಲ್ದಾಣದ ದಾರಿ ಹಿಡಿದಳು.

"ಹಕ್ಕಲ ಛಲೋ ಸಿಕ್ತೇನ?" ಮನೆಯಲ್ಲಿ ಅಪ್ಪ ಕೇಳಿದ.

"ಕೊಟ್ರು," ಎಂದಳು ಅವ್ವ.

ಮುಂದಿನ ಸುಗ್ಗಿಗೆ ಅವಳು ಊರಿಗೆ ಹೋಗಲಿಲ್ಲ. ಅಷ್ಟರಲ್ಲಿ ಪೇಟೆಯ ಇನ್ನೊಂದು ಅಂಗಡಿಯ ಮುಂದೆ ಕಸ ಹೊಡೆಯಲು ಜಾಗ ಸಿಕ್ಕಿತ್ತು. ಅಲ್ಲಿ ಹೊಸಬರು ಯಾರಾದರೂ ಬಂದು ಕುಳಿತರೆ ಅವಳೇ ಎಬ್ಬಿಸುತ್ತಿದ್ದಳು.