ಅಯ್ಯ ಉಣ್ಣದೆ ಮನೆ ಉಣ್ಣುವುದಿಲ್ಲ

ಶಿವನನ್ನು ನಂಬಿ ಬದುಕುತ್ತಿರುವ ನಿಮಗೆಲ್ಲ ಶರಣು. ನನ್ನ ಕಷ್ಟ ಕೇಳಿದರೆ ಕೆಲವರಿಗೆ ನಗು ಬರಬಹುದು. ಉಣ್ಣಲು ಉಡಲು ಕೊರತೆಯಿರಲಿಲ್ಲ, ಮೈಯಲ್ಲಿ ರೋಗವಿರಲಿಲ್ಲ. ಆದರೂ ಕಳೆದ ಶ್ರಾವಣದಲ್ಲಿ ನಾನು ಡಾಕ್ಟರಿ ಓದು ಬಿಟ್ಟು ಓಡಿಹೋಗುವವನಿದ್ದೆ. ಯಾರಾದರೂ ‘ಡಾಕ್ಟರ್’ ಎಂದು ಕರೆದರೆ ಸಾಕು, ನನಗೆ ಉಸಿರು ಕಟ್ಟುತ್ತಿತ್ತು.

ನಮ್ಮದು ಉಮರ್ಗಾ ತಾಲೂಕಿನ ಗುಂಜೋಟಿ, ಜಂಗಮರ ಮನೆ. ಅಪ್ಪ ಹೊಲವನ್ನೂ ನೋಡುತ್ತಾರೆ, ಭಕ್ತರ ಮನೆಗಳ ಪೂಜೆಗೂ ಹೋಗುತ್ತಾರೆ; ಅಲ್ಲಿ ಪೂಜೆಗೆ ಬಂದ ಜಂಗಮನನ್ನು ‘ಅಯ್ಯ’ ಎನ್ನುತ್ತಾರೆ. ಉದಗೀರದಲ್ಲಿ ನನಗೆ ಸೀಟು ಸಿಕ್ಕಿತು ಎಂಬ ಸುದ್ದಿ ಬಂದದ್ದೇ ತಡ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ, ಪುಸ್ತಕ ಕೊಳ್ಳುವ ಮುಂಚೆಯೇ ನಾನು ‘ಡಾಕ್ಟರಸಾಬ’ ಆದೆ. ಚಹಾದ ಹೋಟೆಲಿನವನು ಅಂಗಿ ಎತ್ತಿ ಬೆನ್ನಿನ ಕುರು ತೋರಿಸುತ್ತಿದ್ದ. ಮೊದಮೊದಲು ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ವಾರ್ಡಿಗೆ ಹೋಗಲು ಶುರುಮಾಡಿದ ಮೇಲೆ ಹಿಗ್ಗು ಇಳಿಯಿತು. ಒಂದು ದಿನ ಹೊಟ್ಟೆ ಉಬ್ಬಿ ಮಲಗಿದ್ದ ರೋಗಿಯ ಮುಂದೆ ನಿಲ್ಲಿಸಿ, ನಮಗೆ ಕಲಿಸುವ ಮೇಡಂ ಕಾರಣ ಕೇಳಿದರು. ಓದಿದ್ದೆ, ಗೊತ್ತಿತ್ತು. ಬಾಯಿ ಒಣಗಿ ಮಾತೇ ಹೊರಡಲಿಲ್ಲ. ರೋಗಿಯ ಹೆಂಡತಿ ಮೇಡಂ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅದೇ ವಾರ ಆತ ತೀರಿಕೊಂಡ. ಆಕೆ ಹೋಗುವಾಗ ನನಗೂ ಕೈ ಮುಗಿದು, “ಡಾಕ್ಟರಸಾಹೇಬ, ತುಮ್ಹೀ ಲಯ್ ಕೇಲಂತ” ಎಂದಳು. ನೀವು ಬಹಳ ಮಾಡಿದಿರಿ ಅಂತ! ನಾನು ಮಾಡಿದ್ದೇನು, ಮಂಚದ ಪಕ್ಕ ಬಾಯಿ ಮುಚ್ಚಿಕೊಂಡು ನಿಂತದ್ದು.

ಆ ನಮಸ್ಕಾರ ನನ್ನೊಳಗೆ ಮುಳ್ಳಿನಂತೆ ಮುರಿದು ಉಳಿಯಿತು. ವಾರ್ಡಿನ ಬಾಗಿಲು ಕಂಡರೆ ಎದೆ ಡವಡವ. ಬಿಳಿ ಕೋಟಿನ ಗುಂಡಿ ಹಾಕಲು ಬೆರಳು ಬಗ್ಗುತ್ತಿರಲಿಲ್ಲ. ಮೆಸ್ಸಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತು ಹಾಗೇ ಎದ್ದು ಬರುತ್ತಿದ್ದೆ. ಜೊತೆಯವರೆಲ್ಲ ನಿಜವಾದ ಡಾಕ್ಟರರು, ನಾನೊಬ್ಬನೇ ವೇಷ ಹಾಕಿ ಬಂದವನು ಅನ್ನಿಸುತ್ತಿತ್ತು. ಯಾರಿಗೆ ಹೇಳಲಿ? ನಾಳೆ ಔಷಧ ಕೊಡಬೇಕಾದವನೇ ನನಗೆ ಹೆದರಿಕೆ ಎಂದರೆ ಜನ ಏನಂದಾರು? ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿ ಹಿಡಿದು, ‘ಶಿವಾ, ಭಯವನ್ನಾದರೂ ತೆಗೆ, ಇಲ್ಲ ಈ ಹೆಸರನ್ನಾದರೂ ತೆಗೆ’ ಎಂದು ಅಳುತ್ತಿದ್ದೆ.

ಕಡೆಗೆ ಓದು ಬಿಡುವುದೆಂದು ನಿಶ್ಚಯಿಸಿ ಚೀಲ ತುಂಬಿ ಎಸ್‌.ಟಿ. ಬಸ್ಸು ಹತ್ತಿದೆ. ನಿಲಂಗಾ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿದರೆ ಅದೂ ವಾಂತಿಯಾಯಿತು. ಅಪ್ಪನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಮನೆಗೆ ಬಂದರೆ ಅಪ್ಪ ಕಾಲು ಉಳುಕಿಸಿಕೊಂಡು ಮಲಗಿದ್ದಾರೆ. ಅವತ್ತು ಶ್ರಾವಣ ಸೋಮವಾರ.

“ಛಲೋ ವ್ಯಾಳಾಕ್ಕ ಬಂದಿ ನೋಡು,” ಎಂದರು. “ಸಾಸ್ತೂರದಾಗ ಗೌರಾಬಾಯಿ ಮನ್ಯಾಗ ಪಾದಪೂಜಾ ಅದ. ನೀನೇ ಹೋಗು.”

“ಅಪ್ಪಾ, ನನಗ ಮಂತ್ರ ಅರ್ಧನೂ ಬರೂದಿಲ್ಲ.”

“ಬಂದಷ್ಟು ಅನ್ನು. ಮನಿ ಮಂದೆಲ್ಲ ಉಪಾಸ ಕೂತಾರ. ಅಯ್ಯ ಉಣ್ಣದ ಅವರು ಉಣ್ಣೂದಿಲ್ಲ, ಗೊತ್ತದಿಲ್ಲೊ? ನಡಿ ನಡಿ.”

ಬಾಯಿಪಾಠ ಮಾಡಿದ್ದನ್ನು ಹೇಳದೆ ಚೀಲ ಕೆಳಗಿಟ್ಟೆ. ಗಾಡಿ ತೆಗೆದುಕೊಂಡು ಹೊರಟೆ. ಒಂದು ವೇಷ ಕಳಚಲು ಬಂದವನಿಗೆ ಶಿವ ಇನ್ನೊಂದನ್ನು ತೊಡಿಸಿದನಲ್ಲ ಎಂದು ಸಿಟ್ಟೂ ಬಂತು.

ಗೌರಾಬಾಯಿ ಆ ಮನೆಯ ಹಿರಿಯ ಜೀವ, ನನ್ನ ಅಜ್ಜಿಗಿಂತಲೂ ದೊಡ್ಡವರು. ನನ್ನನ್ನು ಮಣೆಯ ಮೇಲೆ ಕೂರಿಸಿ, ಕಾಲು ತೊಳೆದು, ಬಿಲ್ವಪತ್ರಿ ಏರಿಸಿ, ಪಾದದ ಮೇಲೆ ಹಣೆಯಿಟ್ಟರು. ಮಂತ್ರ ನಡುವೆ ಎರಡು ಕಡೆ ತಪ್ಪಿತು. ಆಮೇಲೆ ಎಲೆ ಹಾಕಿ ಹೋಳಿಗೆ, ತುಪ್ಪ, ಕಟ್ಟಿನ ಸಾರು ಬಡಿಸಿದರು. ತುತ್ತು ಕಲಸಿದೆ, ಬಾಯಿಗೆ ಒಯ್ಯಲಾಗಲಿಲ್ಲ. ಹಸಿದ ಮನೆಯೆಲ್ಲ ಸುಮ್ಮನೆ ನನ್ನ ಕೈಯನ್ನೇ ನೋಡುತ್ತಿತ್ತು.

ಅಳು ಒತ್ತರಿಸಿ ಬಂತು. “ಆಯೀ, ನಾ ಇದಕ್ಕ ಲಾಯಕ ಇಲ್ಲ. ಕಾಲೇಜೂ ಬಿಡ್ಲತ್ತೀನಿ. ಮಂದಿ ಡಾಕ್ಟರ ಅಂತಾರ, ಅಯ್ಯ ಅಂತಾರ, ಒಳಗ ನೋಡಿದ್ರ ಏನೂ ಇಲ್ಲ.”

ಮುದುಕಿ ಗಾಬರಿಯಾಗಲಿಲ್ಲ, ನಕ್ಕುಬಿಟ್ಟರು. “ನಿಮ್ಮ ಲಾಯಕಿ ಯಾರು ಕೇಳ್ಯಾರ್ರೀ ಅಪ್ಪಾ? ನಾ ಬಿದ್ದದ್ದು ಶಿವನ ಕಾಲಿಗಿ. ನಡುವ ನಿಮ್ಮ ಕಾಲು ಇದ್ದವು, ಅಷ್ಟೇ. ನನ್ನ ಶರಣು ನೀವ್ಯಾಕ ಹೊತ್ಕೊಂಡು ತಿರಗ್ತೀರಿ? ಅವನ ಕಡಿ ಕಳಿಸ್ರಿ, ಹಗರ ಆಗ್ತದ. ಮೊದಲ ಉಣ್ರಿ, ನಮ್ಮ ಹೊಟ್ಟಿ ಚುರುಗುಟ್ಲತ್ತಾವ.”

ಮನೆಯವರೆಲ್ಲ ನಕ್ಕರು. ನನಗೂ ಅಳುತ್ತಲೇ ನಗು ಬಂತು. ತುತ್ತು ಬಾಯಿಗಿಟ್ಟೆ, ಇಳಿಯಿತು. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ನಾನು ಎದ್ದ ಮೇಲೆ ಅವರು ಉಂಡರು. ಶಿವ ಅವತ್ತು ಆ ಮುದುಕಿಯ ಬಾಯಲ್ಲಿ ಮಾತಾಡಿದ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಮರುದಿನ ಅಪ್ಪನ ಮುಂದೆ ಎಲ್ಲ ಹೇಳಿಕೊಂಡೆ. “ಬಿಡೂದಿದ್ರ ಬಿಡು ಮಗಾ, ಆದ್ರ ಓಡಿ ಬರಬ್ಯಾಡ. ನಿಮ್ಮ ಮೇಡಂಗ ಒಮ್ಮಿ ಹೇಳಿ ನೋಡು,” ಎಂದರು. ಹೋಗಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಾಗಿಲು ಮುಚ್ಚಿ, ತಮಗೂ ಓದುವಾಗ ಹೀಗೇ ಆಗುತ್ತಿತ್ತೆಂದು ಹೇಳಿ, ಮನಸ್ಸಿನ ಡಾಕ್ಟರ ಹತ್ತಿರ ತಾವೇ ಕರೆದೊಯ್ದರು. ಆ ಚಿಕಿತ್ಸೆಯನ್ನೂ ನಾನು ಪ್ರಸಾದವೆಂದೇ ತೆಗೆದುಕೊಂಡೆ.

ಮೊನ್ನೆ ಔರಾದ ಶಹಾಜನಿಯ ರೈತನೊಬ್ಬ ವಾರ್ಡಿನಲ್ಲಿ ನನ್ನ ಕೈ ಹಿಡಿದ. “ಡಾಕ್ಟರಸಾಬ, ನನ್ನ ಹೇಂತಿ ಉಳೀತಾಳೇನ್ರೀ?”

“ನನಗ ಗೊತ್ತಿಲ್ರೀ ಕಾಕಾ. ನಾ ಇನ್ನಾ ಕಲೀಲತ್ತೀನಿ. ದೊಡ್ಡ ಡಾಕ್ಟರಿಗಿ ಹೇಳಿ ಬರ್ತೀನಿ, ಅವರು ಬರೂತನಕ ನಿಮ್ಮ ಬಾಜೂಕ ಕೂಡ್ತೀನಿ.”

ಹೇಳಿ ಬಂದು ಕೂತೆ. ‘ಗೊತ್ತಿಲ್ಲ’ ಎಂದರೆ ಆಕಾಶ ಕಳಚಿ ಬೀಳುತ್ತದೆ ಅಂದುಕೊಂಡಿದ್ದೆ, ಆ ಮನುಷ್ಯ ನನ್ನ ಕೈ ಕೂಡ ಬಿಡಲಿಲ್ಲ. ಆತನ ಹೆಂಡತಿ ಗುಣವಾಗಿ ಮನೆಗೆ ಹೋದಳು. ಉಳಿಸಿದವರು ದೊಡ್ಡ ಡಾಕ್ಟರರು, ಅವರ ಹಿಂದೆ ಶಿವ.

ಎದೆ ಈಗಲೂ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳುತ್ತಲೇ ಒಳಗೆ ಹೋಗುತ್ತೇನೆ. ಬೇಡಿದ್ದನ್ನು ಬೇಡಿದ ಹಾಗೇ ಶಿವ ಕೊಡಲಿಲ್ಲ, ಆದರೆ ನನ್ನನ್ನು ನನಗೆ ಉಳಿಸಿಕೊಟ್ಟ. ಅವನ ಋಣ ನಾನು ತೀರಿಸಲಾರೆ. ನಿಮ್ಮಲ್ಲಿ ಒಂದೇ ಬೇಡಿಕೆ: ನಿಮ್ಮ ಮನೆಯಲ್ಲಿ ಡಾಕ್ಟರಿ ಓದುವ ಮಕ್ಕಳಿದ್ದರೆ, ಇನ್ನಷ್ಟು ದಿನ ಅವರನ್ನು ಹೆಸರು ಹಿಡಿದೇ ಕರೆಯಿರಿ. ಫೋನ್ ಮಾಡಿದಾಗ ಮಾರ್ಕ್ಸ್ ಆಮೇಲೆ ಕೇಳಿ, ಉಂಡೆಯಾ ಎಂದು ಮೊದಲು ಕೇಳಿ.