ಖಬರ ಯಾರಿಗೆ ಕೊಡಬೇಕು

ಮುಳಗುಂದದ ಲಾಡಸಾಬ ದಂಡಿನ ದವಾಖಾನೆಯಲ್ಲಿ ಕಾರಕೂನನಾಗಿದ್ದ. ಎಪ್ಪತ್ತೊಂದರ ಲಡಾಯಿ ಮುಗಿದ ಮೇಲೆ ಗಾಯಗೊಂಡ ಶತ್ರುಪಡೆಯ ಕೈದಿ ಸಿಪಾಯಿಗಳನ್ನು ಆ ದವಾಖಾನೆಗೆ ತಂದರು. ಉರ್ದು ಬಲ್ಲವನೆಂದು ಅವರ ದಾಖಲೆ ಬರೆಯುವ ಕೆಲಸ ಇವನ ಪಾಲಿಗೆ ಬಂತು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಹೆಸರು, ತಂದೆಯ ಹೆಸರು, ನಂಬರು, ಗಾಯ ಎಲ್ಲಿ ಆಗಿದೆ, ಏನು ಔಷಧ. ಕಟ್ಟಕಡೆಗೆ ಒಂದು ಸಾಲು: ಹೆಚ್ಚುಕಡಿಮೆ ಆದರೆ ಖಬರ ಯಾರಿಗೆ ಕೊಡಬೇಕು.

ಅವನ ಹೆಂಡತಿ ಖೈರುನಬಿ ಊರಲ್ಲೇ ಇದ್ದಳು. ಎಪ್ಪತ್ತೆರಡರ ಚಳಿಗಾಲದಲ್ಲಿ ಲಾಡಸಾಬನಿಗೆ ಕಾಮಾಲೆಯಾಗಿ ಜೀವ ಹೋಗಿ ಬಂದಂತಾಯಿತು. ದಂಡಿನವರು ತಾರು ಕಳಿಸಿದರು. ಅದು ಖೈರುನಬಿಯ ಹೆಸರಿಗೆ ಬರಲಿಲ್ಲ. ಅದೇ ಮನೆಯಲ್ಲಿದ್ದ ಲಾಡಸಾಬನ ಅಕ್ಕ ರಸೂಲಬಿಯ ಹೆಸರಿಗೆ ಬಂತು. ಅವಳು ಅದನ್ನು ಎರಡು ದಿನ ಕುಬಸದೊಳಗೆ ಇಟ್ಟುಕೊಂಡು, ಮೂರನೆಯ ದಿನ ರೊಟ್ಟಿ ಬಡಿಯುವಾಗ ಹೇಳಿದಳು.

"ನನ್ನ ಗಂಡನ ಖಬರ ನನಗ್ಯಾಕ ಹೇಳಲಿಲ್ಲ ಆಪಾ?"

"ಸರಕಾರ ನನಗ ಬರದೈತಿ. ನಿನಗ ಹೇಳಂತ ಅದರಾಗ ಬರದಿಲ್ಲಲ್ಲ!"

ಅಂದಿನಿಂದ ರಸೂಲಬಿ ತಾರಿನ ಕಾಗದವನ್ನು ಟ್ರಂಕಿನಲ್ಲಿಟ್ಟು, ಬಂದವರಿಗೆಲ್ಲ ತೆಗೆದು ತೋರಿಸುವಳು. ಟ್ರಂಕಿನ ಕೀಲಿ ಕಿರ್ ಅಂದರೆ ಸಾಕು, ಖೈರುನಬಿ ಉಣ್ಣುವ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು.

ಮುಂದಿನ ಬೇಸಿಗೆಗೆ ಲಾಡಸಾಬ ಎರಡು ತಿಂಗಳ ರಜೆ ಹಾಕಿ ಬಂದ. ಕಟ್ಟೆಯ ಮೇಲೆ ಕೂತು ಓಣಿಯ ಇಸ್ಮಾಯಿಲಸಾಬನ ಮುಂದೆ ಕೈದಿಗಳ ಕಥೆ ತೆಗೆದ.

"ಕಾಲ ತಗದ್ರೂ ಅಳದಾವ, ಹೆಂಡತಿ ಹೆಸರ ಕೇಳಿದ್ರ ಗ್ವಾಡಿ ಕಡೆ ಹೊಳ್ಳತಿದ್ದ. ಅಣ್ಣನ ಹೆಸರ ಹೇಳ್ತಾರ, ಚಾಚಾನ ಹೆಸರ ಹೇಳ್ತಾರ, ಅಕಿದು ಮಾತ್ರ ಇಲ್ಲ."

"ಮತ್ತ ನೀ ಹ್ಯಾಂಗ ಬರಕೊಂಡ್ಯೋ?"

"ಯುಕ್ತಿ ಮಾಡಿದ್ನಿ. ನಿಮ್ಮ ಮಾವ ಮಗಳನ್ನ ಏನಂತ ಕರೀತಾನಪಾ ಅಂತ ಕೇಳೋದು. ಮಾವನ ಮಾತ ಅಂದ್ರ ನಾಚಿಕಿಲ್ಲದ ಹೇಳೋರು. ನೂರಾ ಹದಿನಾಲ್ಕ ಹೆಣ್ಮಕ್ಕಳ ಹೆಸರ ಬರದೀನಿ!"

ಬಾಗಿಲೊಳಗೆ ಜೋಳ ಹಸನು ಮಾಡುತ್ತಿದ್ದ ಖೈರುನಬಿಯ ಕೈ ನಿಂತಿತು. ಆಪಾ ಒಬ್ಬಳು ಸಾಲಲಿಲ್ಲವೇ? ಯಾವ ಊರಿನವರೋ, ಕರಿಯರೋ ಬಿಳಿಯರೋ, ನೂರಾ ಹದಿನಾಲ್ಕು ಹೆಂಗಸರು ತನ್ನ ಗಂಡನ ದುಂಡು ಅಕ್ಷರದಲ್ಲಿ ಸಾಲಾಗಿ ಕೂತಿದ್ದಾರೆ.

ರಾತ್ರಿ ಊಟಕ್ಕೆ ನೀಡುತ್ತ ಕೇಳಿದಳು, "ನಿಮ್ಮ ಕಾಗದದಾಗ ಯಾರ ಹೆಸರ ಐತ್ರಿ?"

ಲಾಡಸಾಬ ತಟ್ಟೆಯಿಂದ ತಲೆ ಎತ್ತಲಿಲ್ಲ. "ಭರ್ತಿ ಆಗೋ ದಿನ ಸಾಹೇಬ ಕೇಳಿದ. ಹಿಂದ ನಲವತ್ತ ಮಂದಿ ಗಂಡಸರ ಪಾಳಿ. ಅವರ ಮುಂದ ನಿನ್ನ ಹೆಸರ ಹ್ಯಾಂಗ ಹೇಳ್ಲಿ? ಬಾಯಿಗೆ ಅಕ್ಕನ ಹೆಸರ ಬಂತು."

"ಮಂದಿ ಹೆಂಡ್ರ ಹೆಸರ ಕೇಳಾಕ ಬಾಯಿ ಐತಿ. ಹೇಳ್ರಲ್ಲ, ನಮ್ಮಪ್ಪ ಮಗಳನ್ನ ಏನಂತ ಕರೀತಾನ?"

ಅವನು ನೀರು ಕುಡಿದ.

"ಆತು ಬಿಡ್ರಿ. ನಾಳಿಯಿಂದ ನಿಮಗ ನೀಡೋದೂ ಆಪಾನ."

ಹೇಳಿದಂತೆ ಮಾಡಿದಳು. ಲಾಡಸಾಬ ಇಪ್ಪತ್ತೆರಡು ದಿನ ಅಕ್ಕನ ಕೈಯ ದಪ್ಪ ರೊಟ್ಟಿ ತಿಂದ. ನಡುವೆ ದವಾಖಾನೆಗೆ ಕಾಗದ ಬರೆದು ಹೆಸರು ಬದಲಿಸುವ ಫಾರಂ ತರಿಸಿದ. ಅದಕ್ಕೆ ಸರಕಾರಿ ಸಿಕ್ಕಾ ಮುದ್ರೆ ಹಾಕಿಸಬೇಕೆಂದು ಗಂಡ ಹೆಂಡತಿ ಬಸ್ಸು ಹತ್ತಿ ಗದಗಿನ ಕಚೇರಿಗೆ ಹೋದರು.

"ಹಳೇ ಹೆಸರು ರಸೂಲಬಿ," ಅಂದ ಅಲ್ಲಿಯ ಗುಮಾಸ್ತ. "ಹೊಸದು?"

"ಇಕಿದರಿ."

"ಇಕಿ ಅಂತ ಬರೀಲೇನು?"

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ನೀನೇ ಹೇಳಿಬಿಡು ಎನ್ನುವಂತೆ ಲಾಡಸಾಬ ಹೆಂಡತಿಯ ಕಡೆ ನೋಡಿದ. ಅವಳು ಸೆರಗು ಮುಂದೆಳೆದುಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಳು. ಓದಲು ಬರುತ್ತಿರಲಿಲ್ಲ, ಆದರೂ ನೋಡಿದಳು.

"ಖೈರುನಬಿ," ಅಂದ ಅವನು, ಮೇಜಿಗೆ ಹೇಳಿದಂತೆ.

"ಜೋರ್ಲೆ ಹೇಳ್ರಿ, ಕೇಳಸವಲ್ತು."

"ಖೈರುನಬಿ!"

ಇಡೀ ಕಚೇರಿ ತಿರುಗಿ ನೋಡಿತು. ಅವನ ಕಿವಿ ಕೆಂಪಾಗಿದ್ದವು.

ಹೊಳ್ಳಿ ಬರುವಾಗ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ ಖೈರುನಬಿ ಕೇಳಿದಳು, "ಆಪಾನ ಹೆಸರ ತಗದ್ರೇನ್ರಿ?"

"ಅಡ್ಡಗೆರಿ ಹೊಡದ್ರು."

"ಒಂದ ಗೆರಿನೋ, ಎರಡೋ?"

"ಒಂದ."

"ಎರಡ ಹೊಡಸಬೇಕಿತ್ತು," ಅಂದಳು.