ಅವ್ವ ಅಡ್ಜಸ್ಟ್ ಮಾಡಿಕೊಳ್ಳುತ್ತಾಳೆ

ನಿಘಂಟಿನ ಪ್ರಕಾರ ಅಡ್ಜಸ್ಟ್ ಮಾಡುವುದು ಕನ್ನಡಿಯನ್ನು, ಗಡಿಯಾರದ ಮುಳ್ಳನ್ನು, ಸೊಂಟದ ಪಟ್ಟಿಯನ್ನು. ಹೈದರಾಬಾದಿನ ಮೆಹದಿಪಟ್ಟಣಂನ ನಮ್ಮ ಎರಡು ಕೋಣೆಯ ಮನೆಯಲ್ಲಿ ಹಾಗೆ ತಿರುಗಿಸಬಹುದಾದ ವಸ್ತು ಒಂದೇ: ಅವ್ವ.

ಕಲಬುರಗಿ ಕಡೆಯ ನಮ್ಮ ಬಳಗದಲ್ಲಿ ಯಾರಿಗೆ ಏನೇ ಆದರೂ ಹೈದರಾಬಾದಿನ ದವಾಖಾನೆಯೇ ಬೇಕು. ಬಂದವರು ನಮ್ಮಲ್ಲೇ ಇಳಿಯುತ್ತಾರೆ. ತೆಲುಗು ಬರುತ್ತದೆಂಬ ಅಪರಾಧಕ್ಕೆ ಅವ್ವ ಅವರ ಪರವಾಗಿ ಚೀಟಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಹೀಗೆ ನಿಂತೂ ನಿಂತೂ ಅವಳದೇ ಕಣ್ಣಿನ ಪೊರೆಯ ಆಪರೇಷನ್ ಮೂರು ಸಲ ಮುಂದೆ ಹೋಗಿತ್ತು. ಬಸ್ಸಿನ ನಂಬರನ್ನೂ ಪಕ್ಕದವರನ್ನು ಕೇಳುವ ಸ್ಥಿತಿ.

ನಾಲ್ಕನೆಯ ಸಲ ಆಪರೇಷನ್ನಿಗೆ ತಾರೀಖು ನಿಗದಿಯಾಯಿತು. ಸೋದರಮಾವನ ಫೋನೂ ಬಂತು, ನಾನೇ ಎತ್ತಿ ಸ್ಪೀಕರಿಗೆ ಹಾಕಿದೆ: ಅದೇ ದಿನ ಮೊಣಕಾಲು ತೋರಿಸಬೇಕಂತೆ.

“ನಿನ್ನ ಪೊರಿ ಎಲ್ಲಿ ಓಡಿ ಹೋಗ್ತೈತಿ ಅಕ್ಕಾ? ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

“ನಿಮ್ಮ ಮೊಣಕಾಲು ಓಡ್ತೈತೇನ್ರಿ ಮಾವಾ?” ಎಂದೆ ನಾನು.

“ಕಾಲೇಜಿನ್ಯಾಗ ಡಿಬೇಟ್ ಕಲ್ತಿದ್ದು ಹಿರ್ಯಾರಿಗೆ ಎದುರಾಡಾಕೇನು?”

“ಹೌದ್ರಿ. ಇಷ್ಟು ಸಸ್ತಾ ಎದುರಾಳಿ ಬ್ಯಾರೆ ಕಡೆ ಸಿಗಂಗಿಲ್ಲ.”

ಅವ್ವ ಫೋನು ಕಸಿದುಕೊಂಡು, “ಬಾ ತಮ್ಮಾ, ಮಾಡ್ಕೊಂತೀನಿ” ಎಂದಳು. ನನಗೆ ಮಾವನಿಗಿಂತ ಅವಳ ಮೇಲೆಯೇ ಹೆಚ್ಚು ತಿರಸ್ಕಾರ ಹುಟ್ಟಿತು. ಅವನು ಕೇಳಿ ಪಡೆಯುತ್ತಾನೆ. ಇವಳು ಕೇಳುವ ಮೊದಲೇ ಕೊಟ್ಟು, ಅದಕ್ಕೆ ಸಂಸಾರ ಎಂದು ಹೆಸರಿಡುತ್ತಾಳೆ.

ಆಪರೇಷನ್ನಿನ ದಿನ ಬೆಳಿಗ್ಗೆಯೇ ಮಾವ ಬಂದ; ಅವ್ವನ ತಾರೀಖನ್ನು ನಾನು ರದ್ದು ಮಾಡಿಸಿರಲಿಲ್ಲ. ಅವ್ವ ಅವನ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. ಒಂದಕ್ಷರವೂ ಕಾಣಲಿಲ್ಲ. ಆಗಲಾದರೂ ಅವನಿಗೆ ನಾಚಿಕೆಯಾಗಬೇಕಿತ್ತು.

“ಅಕ್ಕಗ ಕಾಣವಲ್ದು. ಹಂಗಾರ ನೀ ಬಾರವ್ವಾ, ಅಡ್ಜಸ್ಟ್ ಮಾಡ್ಕೊಂಡು.”

ಕಲಬುರಗಿಯ ಸಂತೆಯಲ್ಲಿ ಗಂಟೆಗಟ್ಟಲೆ ಉರ್ದುವಿನಲ್ಲಿ ಚೌಕಾಸಿ ಮಾಡುವ ಮನುಷ್ಯನಿಗೆ ಹೈದರಾಬಾದಿಗೆ ಬಂದೊಡನೆ ಬಾಯಿ ಬಿದ್ದುಹೋಗುವುದು ಎಂಥ ಕಾಯಿಲೆಯೋ. ಅವನಿಗೆ ಬಸ್ಸಿನ ನಂಬರು ಬರೆದುಕೊಟ್ಟೆ, ಅವ್ವನನ್ನು ಆಟೋ ಹತ್ತಿಸಿದೆ.

ದಾರಿಯುದ್ದಕ್ಕೂ ಅವಳು ಮುಖ ಗಂಟು ಹಾಕಿಕೊಂಡು ಹಿಂದಕ್ಕೇ ತಿರುಗುತ್ತಿದ್ದಳು. ಕಣ್ಣಿನ ದವಾಖಾನೆಯಲ್ಲಿ ನಮ್ಮ ಪಕ್ಕ ಬೀದರ್ ಕಡೆಯ ಮುದುಕಿಯೊಬ್ಬಳು, “ಯಾವ ಸಾಲಿನ್ಯಾಗ ನಿಂದ್ರಬೇಕೋ ಏನೋ, ತೆಲುಗು ಬರಂಗಿಲ್ಲ” ಎಂದು ಗೊಣಗಿದಳು. ಅವ್ವನ ಮುಖ ಅರಳಿತು.

“ಬರ್ರಿ, ನಾ ಕೇಳ್ತೀನಿ.”

ಏಳಲು ಹೋದವಳಿಗೆ ಏಳಲಾಗಲಿಲ್ಲ. ಅವಳ ಸೆರಗಿನ ಮೇಲೆ ನಾನು ಕೂತಿದ್ದೆ. ಒಳಗಿನಿಂದ ಅವಳ ಹೆಸರು ಕೂಗುವವರೆಗೂ ನಾನು ಏಳಲಿಲ್ಲ.